ಕುಂಡ ಒಡೆದ ಗೆಣಸು

ಭಾನುವಾರ ಬೆಳಗ್ಗೆ ಟೈಪಿಸ್ಟರ ಬಾಲ್ಕನಿಯಲ್ಲಿ 'ಟಪ್' ಎಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ದೊಡ್ಡ ಮಣ್ಣಿನ ಕುಂಡ ಮೇಲಿಂದ ಕೆಳಗಿನವರೆಗೆ ಸೀಳಿತ್ತು. ಯಾರೂ ಮುಟ್ಟಿರಲಿಲ್ಲ. ಒಳಗಿನಿಂದಲೇ ಏನೋ ಒದ್ದಂತಿತ್ತು.

ಅದರಲ್ಲಿದ್ದದ್ದು ಅಲಂಕಾರದ ಗೆಣಸಿನ ಬಳ್ಳಿ. ಬದನೆಕಾಯಿ ಬಣ್ಣದ ಎಲೆಗಳು ಕಂಬಿಯಿಂದಿಳಿದು ಕೆಳಗಿನ ಮನೆಯ ಕಿಟಕಿಗೆ ಪರದೆಯಾಗಿದ್ದವು. ಟೈಪಿಸ್ಟರಿಗೆ ಅದು ಪಂಚಪ್ರಾಣ. ಹೆಂಡತಿಗೆ ಮಾತ್ರ ಕಣ್ಣುರಿ.

"ಹೂವಿಲ್ಲ, ಕಾಯಿಲ್ಲ. ಬಟ್ಟೆ ಒಣಗಿಸೋ ಜಾಗ ಎಲ್ಲಾ ನುಂಗಿದೆ. ಉಪಯೋಗ ಏನಾದ್ರೂ ಇದ್ರೆ ಹೇಳಿ, ಇಲ್ಲಾಂದ್ರೆ ಇವತ್ತೇ ಕತ್ತರಿಸಿ ಹಾಕ್ತೀನಿ!"

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ವಿಜ್ಞಾನ ಮೇಷ್ಟ್ರು ಭೂತಗನ್ನಡಿ ಹಿಡಿದು ಬಂದರು. ಹಿಂದೆಯೇ ಮೇಲಿನ ಮನೆಯ ನರ್ಸಮ್ಮ.

"ಒಳಗೆ ಏನೋ ಇದೆ ಕಣ್ರೀ," ಎಂದರು ಮೇಷ್ಟ್ರು, ಬಿರುಕಿಗೆ ಕಿವಿಯಿಟ್ಟು.

"ಹಾವಿದ್ರೆ?" ನರ್ಸಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಕತ್ತು ಮಾತ್ರ ಮುಂದೆಯೇ ಉಳಿಯಿತು.

ಟೈಪಿಸ್ಟರು ಕಣ್ಣು ಮುಚ್ಚಿ, ಕೈ ಹಾಕಿ ಎಳೆದರು. ಬಂದದ್ದು ತೊಟ್ಟಿಲ ಕೂಸಿನಷ್ಟು ದಪ್ಪನೆಯ ಗೆಡ್ಡೆ!

"ತಿನ್ನಬಹುದಾ?" ಎಲ್ಲರಿಗೂ ಅದೇ ಪ್ರಶ್ನೆ. ಬಳ್ಳಿ ಮಾರಿದವನಿಗೆ ಫೋನ್ ಹೋಯಿತು.

"ತಿಂದ್ರೆ ಏನೂ ಆಗಲ್ಲ ಸಾರ್. ಆದ್ರೆ ಯಾರೂ ತಿಂದಿದ್ದು ನಾನು ನೋಡಿಲ್ಲ."

"ಹಾಗಾದ್ರೆ ನಾವೇ ನೋಡೋಣ," ಎಂದರು ಮೇಷ್ಟ್ರು. 'ನಾವು' ಅಂದರೆ ಯಾರೆಂಬುದು ಎಲ್ಲರೂ ತಮ್ಮ ಕಡೆ ತಿರುಗಿದಾಗ ಟೈಪಿಸ್ಟರಿಗೆ ತಿಳಿಯಿತು.

ಹೆಂಡತಿ ಬೇಯಿಸಿ ತಂದಳು. ನರ್ಸಮ್ಮ ನಾಡಿ ಹಿಡಿದರು. ಮೇಷ್ಟ್ರು ಗಡಿಯಾರ ನೋಡಿದರು. ಟೈಪಿಸ್ಟರು ಒಂದು ತುಂಡು ಬಾಯಿಗಿಟ್ಟರು. ನೆನೆದ ರಟ್ಟಿಗೆ ಕಹಿ ಮಾತ್ರೆ ಅರೆದು ಸವರಿದಂತಿತ್ತು! ಉಗಿಯೋಣವೆಂದರೆ ಹೆಂಡತಿಯ ಕೈಯಲ್ಲಿ ಕತ್ತರಿ. ಉಗಿದರೆ ಬಳ್ಳಿ ಹೋದ ಹಾಗೆಯೇ.

"ಆಹಾ! ಬೆಣ್ಣೆ, ಬೆಣ್ಣೆ!"

ಮೇಷ್ಟ್ರೂ ಒಂದು ತುಂಡು ತಿಂದರು. ಅವರ ಹುಬ್ಬು ಹಣೆಗೇರಿ ಇಳಿಯಿತು. ಟೈಪಿಸ್ಟನಿಗೆ ಸಿಕ್ಕ ರುಚಿ ತಮಗೆ ಸಿಗಲಿಲ್ಲವೆಂದರೆ ಮರ್ಯಾದೆ ಏನಾಗಬೇಕು? "ಅಪರೂಪದ ರುಚಿ!" ಎಂದುಬಿಟ್ಟರು. ನರ್ಸಮ್ಮ ಕಷ್ಟಪಟ್ಟು ನುಂಗಿ, "ಹೊಟ್ಟೆಗೂ ಒಳ್ಳೇದು," ಎಂದರು.

ಇಷ್ಟು ಹೊಗಳಿದ ಮೇಲೆ ಬರಿಗೈಯಲ್ಲಿ ಹೋಗುವುದು ಹೇಗೆ? ನೆಡಲೆಂದು ಇಬ್ಬರೂ ಮಾರುದ್ದ ಬಳ್ಳಿ ಕತ್ತರಿಸಿಕೊಂಡರು. ಸುದ್ದಿ ಮೆಟ್ಟಿಲಿಳಿಯಿತು. ಮಧ್ಯಾಹ್ನದೊಳಗೆ ಇಡೀ ಕಟ್ಟಡವೇ ಮೆಟ್ಟಿಲು ಹತ್ತಿ ಬಂತು. ಸಂಜೆಗೆ ಕಂಬಿ ಬೋಳು.

ಉಳಿದ ಮೋಟನ್ನು ಟೈಪಿಸ್ಟರು ಹಳೇ ಬಕೆಟ್ಟಿನಲ್ಲಿ ನೆಡುತ್ತಿದ್ದಾಗ ಹೆಂಡತಿ ಪಕ್ಕದಲ್ಲಿ ಬಂದು ಕೂತಳು.

"ಒಂದು ಮಾತು. ತಟ್ಟೆಗೆ ಹಾಕೋ ಮೊದಲೇ ನಾನೊಂದು ಚೂರು ತಿಂದು ನೋಡಿದ್ದೆ."

ಅವರ ಕೈ ಮಣ್ಣಿನಲ್ಲೇ ನಿಂತಿತು. "ಮತ್ತೆ... ಆಗ್ಲೇ ಯಾಕೆ ಹೇಳ್ಲಿಲ್ಲ?"

"ನೀವೇನಂತೀರೋ ನೋಡೋಣ ಅಂತ. ಬಳ್ಳಿ ವಿಷಯ ಹೋಗ್ಲಿ ಬಿಡಿ." ಅವಳು ಇನ್ನೂ ಹತ್ತಿರ ಸರಿದಳು. ಮುಖದಲ್ಲಿ ಕೋಪವಿರಲಿಲ್ಲ, ಬರೀ ಕುತೂಹಲ. "ಹನ್ನೊಂದು ವರ್ಷದಿಂದ ನನ್ನ ಅಡುಗೆ ತಿಂದು ದಿನಾ 'ಆಹಾ' ಅಂತೀರಲ್ಲ... ಅದು ಯಾವ ಆಹಾ?"