ಕ್ಲೈಮ್ಯಾಕ್ಸಿಗೆ ಮುಂಚೆ ಏಳುವವರು

ಸಿಟ್ಟು ನನ್ನಂಥವರಿಗೆ ಹೇಳಿ ಮಾಡಿಸಿದ್ದಲ್ಲ. ಸಿಟ್ಟು ಬಂದ ತಕ್ಷಣ ಬಿ.ಪಿ. ಏರಿತೇನೋ ಎಂಬ ಚಿಂತೆ ಹತ್ತಿಕೊಳ್ಳುತ್ತದೆ. ಆ ಚಿಂತೆಗೇ ಬಿ.ಪಿ. ಏರುತ್ತದೆ, ಏರಿತಲ್ಲ ಎಂದು ಇನ್ನಷ್ಟು ಸಿಟ್ಟು ಬರುತ್ತದೆ. ಗೋಣಿಬೀಡಿನಲ್ಲಿ ಪೈಪು, ಸ್ಪ್ರಿಂಕ್ಲರು, ಅವುಗಳ ವಾಷರು ಮಾರುವ ಸಣ್ಣ ಅಂಗಡಿ ನನ್ನದು. ಗಿರಾಕಿ ಹೊಸ ಪೈಪನ್ನು ಜೀಪಿಗೆ ಕಟ್ಟಿ ರಸ್ತೆಯುದ್ದಕ್ಕೂ ಎಳೆದುಕೊಂಡು ಹೋಗಿ, ಸೀಳಿದ ಮೇಲೆ ವಾಪಸು ತಂದು, "ನಿಮ್ಮ ಮಾಲು ಸರಿ ಇಲ್ಲ ಮಾರಾಯ್ರೆ" ಎಂದರೂ ನಾನು ನಗುತ್ತಲೇ ಬದಲಾಯಿಸಿ ಕೊಡುತ್ತೇನೆ. ಅಂಥ ಸಾಧು ಪ್ರಾಣಿ. ಆದರೆ ಈಗ ನನಗೆ ಬಂದಿರುವ ಸಿಟ್ಟು ವಾಷರು ಬದಲಾಯಿಸಿದರೆ ನಿಲ್ಲುವಂಥದ್ದಲ್ಲ. ಅದು ಕಾಲೇಜು ದಿನಗಳಿಂದ ತೊಟ್ಟಿಕ್ಕಿ ತೊಟ್ಟಿಕ್ಕಿ ತುಂಬಿದ್ದು. ಬಿಡಿಸಿಯೇ ಹೇಳುತ್ತೇನೆ: ನನಗೆ ಸಿನಿಮಾದ ಹುಚ್ಚು, ಮತ್ತು ಥಿಯೇಟರಿನಲ್ಲಿ ನೋಡಿದ ಒಂದೇ ಒಂದು ಸಿನಿಮಾದ ಕೊನೆಯೂ ನನಗೆ ಗೊತ್ತಿಲ್ಲ.

ನಗಬೇಡಿ. ನಮ್ಮ ಕಡೆಯವರಿಗೆ ಇದು ರೂಢಿ. ನಾವು ಹುಡುಗರಾಗಿದ್ದಾಗ ಸಿನಿಮಾ ಎಂದರೆ ಚಿಕ್ಕಮಗಳೂರು, ಚಿಕ್ಕಮಗಳೂರು ಎಂದರೆ ವಾಪಸಿನ ಕೊನೇ ಬಸ್ಸು. ಬಸ್ಸು ಬಿಡುವ ಹೊತ್ತಿಗೂ ಸಿನಿಮಾ ಮುಗಿಯುವ ಹೊತ್ತಿಗೂ ಹಿಂದಿನ ಜನ್ಮದ ವೈರ. ನಾಯಕ ಗೋದಾಮಿನ ಬಾಗಿಲು ಒದೆಯಬೇಕು, ಅಷ್ಟರಲ್ಲಿ ಥಿಯೇಟರಿನ ಒಂದು ಭಾಗ ಪೂರ್ತಿ ಎದ್ದು ನಿಲ್ಲುತ್ತಿತ್ತು. ಮೂಡಿಗೆರೆಯವರು, ಗೋಣಿಬೀಡಿನವರು, ಅಲ್ಲಿಂದಾಚೆಯ ಎಸ್ಟೇಟಿನವರು, ಎಲ್ಲರೂ. ಗೇಟು ಕಾಯುವವನು ಇದಕ್ಕೆ 'ಮೂಡಿಗೆರೆ ಇಂಟರ್‌ವಲ್' ಎಂದು ಹೆಸರಿಟ್ಟಿದ್ದ. ನಾವು ಹೊರಟ ಮೇಲೆ ಉಳಿದವರು ಕಾಲು ಚಾಚಿ ಕೂರುತ್ತಿದ್ದರು. ಬಸ್ಸಿನಲ್ಲಿ ನಮ್ಮ ನಮ್ಮಲ್ಲೇ ಕಥೆ ಮುಗಿಸಿಕೊಳ್ಳುತ್ತಿದ್ದೆವು. ಹಿಂದಿನ ಸೀಟಿನವರು ಖಳನಾಯಕನನ್ನು ಕೊಂದರೆ ಮುಂದಿನ ಸೀಟಿನವರು ಪೊಲೀಸರಿಗೆ ಒಪ್ಪಿಸುತ್ತಿದ್ದರು. ಕಂಡಕ್ಟರು ಮಾತ್ರ ನಾಯಕನ ತಾಯಿಯನ್ನು ಸಾಯಿಸದೆ ಟಿಕೆಟ್ಟೇ ಹರಿಯುತ್ತಿರಲಿಲ್ಲ. ನನಗೆ ಯಾರ ಮುಕ್ತಾಯವೂ ಒಪ್ಪಿಗೆಯಾಗುತ್ತಿರಲಿಲ್ಲ. ಹೀಗಾಗಿ ನನ್ನ ತಲೆಯೊಳಗೆ ಇವತ್ತಿಗೂ ಎಷ್ಟೋ ನಾಯಕಿಯರು ಕಂಬಕ್ಕೆ ಕಟ್ಟಿಸಿಕೊಂಡೇ ನಿಂತಿದ್ದಾರೆ. ಒಬ್ಬ ನಾಯಕ ನಾನು ಪಿ.ಯು.ಸಿ.ಯಲ್ಲಿದ್ದಾಗಿನಿಂದ ಬಂಡೆಯ ಅಂಚು ಹಿಡಿದು ನೇತಾಡುತ್ತಿದ್ದಾನೆ. ಅವನಿಗೂ ಈಗ ನನ್ನ ಹಾಗೆ ಭುಜನೋವು ಬಂದಿರಬೇಕು.

ಮನೆಯಲ್ಲೇ ನೋಡಬಾರದಾ ಎಂದು ಬುದ್ಧಿವಂತರು ಕೇಳುತ್ತಾರೆ. ನೋಡಬಹುದು. ನಮ್ಮ ಮನೆಯಲ್ಲಿ ಫೋನೇನೋ ಬರುತ್ತದೆ, ಇಂಟರ್‌ನೆಟ್ ಸಿಗುವುದು ಮಾತ್ರ ಬಚ್ಚಲಿನ ಕಿಟಕಿಯ ಹತ್ತಿರ. ಅಲ್ಲಿ ಸ್ಟೂಲು ಹಾಕಿಕೊಂಡು ಕೂತರೂ, ಕಥೆ ಬಿಗಿಯಾಗುತ್ತಿದ್ದಂತೆ ಪರದೆಯ ಮಧ್ಯೆ ಒಂದು ಚಕ್ರ ತಿರುಗಲು ಶುರುವಾಗುತ್ತದೆ. ಅದು ನಿಲ್ಲುವ ಹೊತ್ತಿಗೆ ಕರೆಂಟು ಹೋಗಿರುತ್ತದೆ. ಅದೂ ಅಲ್ಲದೆ ಸಿನಿಮಾ ಎಂದರೆ ನನಗೆ ಬರೀ ಕಥೆಯಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಬೆಳಕು ಕಾಣುವ ಶೂ, ಪೇಟೆಯಲ್ಲಿ ಮಸಾಲೆ ದೋಸೆ, ಆಮೇಲೆ ಆ ಕತ್ತಲು, ಆ ದೊಡ್ಡ ಪರದೆ. ಬೆಂಗಳೂರಿನವರು ಶನಿವಾರ ಬಂತೆಂದರೆ ಕಾರು ತುಂಬಿಕೊಂಡು ನಮ್ಮ ಬೆಟ್ಟ ನೋಡಲು ಬರುತ್ತಾರಲ್ಲ, ಹಾಗೆ ನಾನು ಅವರ ಸಿನಿಮಾ ನೋಡಲು ಹೋಗುತ್ತೇನೆ. ವ್ಯತ್ಯಾಸ ಇಷ್ಟೆ: ಅವರು ತುದಿ ಹತ್ತಿ, ಅಲ್ಲೊಂದು ಫೋಟೋ ಹೊಡೆಸಿಕೊಂಡು, ಚಿಪ್ಸಿನ ಕವರು ಬಿಸಾಕಿಯೇ ಇಳಿಯುತ್ತಾರೆ. ನನಗೆ ತುದಿ ಕಾಣುವ ಭಾಗ್ಯವಿಲ್ಲ.

ಈಗ ಕಾರಿದೆ, ಬಸ್ಸಿನ ಹಂಗಿಲ್ಲ. ಆದರೆ ಬಸ್ಸಿನ ಜಾಗಕ್ಕೆ ಆನೆ ಬಂದಿದೆ. ನಮ್ಮ ರಸ್ತೆಯಲ್ಲಿ ಸಂಜೆಯಾದರೆ ಆನೆ ದಾಟುತ್ತದೆ. ಎಲ್ಲಿದೆ, ಯಾವ ತೋಟದಲ್ಲಿ ಬೀಡುಬಿಟ್ಟಿದೆ ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಆನೆಯ ಮೇಲೆ ನನಗೆ ಸಿಟ್ಟಿಲ್ಲ. ಅದು ಸಿನಿಮಾದ ವೇಳಾಪಟ್ಟಿ ನೋಡಿ ಹೊರಡುವುದಿಲ್ಲ. ನನ್ನ ಸಿಟ್ಟೆಲ್ಲ ರುದ್ರೇಶ ಭಾವನ ಮೇಲೆ. ನನ್ನ ಹೆಂಡತಿ ಗಿರಿಜಳ ಅಣ್ಣ, ಪಕ್ಕದ ಊರಿನಲ್ಲೇ ತೋಟ, ನನಗಿಂತ ಎರಡು ವರ್ಷಕ್ಕೆ ಹಿರಿಯ. ನಾವು ಸಿನಿಮಾಕ್ಕೆ ಹೊರಟರೆ ಕಾರು ಓಡಿಸಲು ಅವನು ಸದಾ ಸಿದ್ಧ. ಥಿಯೇಟರಿಗೆ ಬಂದವನು ಸಿನಿಮಾ ಎಷ್ಟು ಹೊತ್ತಿಗೆ ಶುರು ಎಂದು ಕೇಳುವುದಿಲ್ಲ, ಎಷ್ಟು ಹೊತ್ತಿಗೆ ಬಿಡುತ್ತೆ ಎಂದು ಕೇಳುತ್ತಾನೆ. ಕಾರನ್ನು ಗೇಟಿಗೆ ಮುಖ ಮಾಡಿ ನಿಲ್ಲಿಸುತ್ತಾನೆ. ಬಾಗಿಲ ಪಕ್ಕದ ಸೀಟೇ ಬೇಕು. ಇಂಟರ್‌ವಲ್ ಆದ ಮೇಲೆ ಅವನು ನೋಡುವುದು ಪರದೆಯನ್ನಲ್ಲ, ಮೊಬೈಲನ್ನು. ಆ ನೀಲಿ ಬೆಳಕಿನಲ್ಲಿ ಅವನ ಮೂಗು ಹೊಳೆಯತೊಡಗಿತೆಂದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಯಾವ ಖಳನಾಯಕನೂ ನನಗೆ ಅಷ್ಟು ಭಯ ಹುಟ್ಟಿಸಿಲ್ಲ.

ಹೋದ ವಾರ ನೋಡಿದ್ದು ಕೋರ್ಟಿನ ಕಥೆ. ತಮ್ಮನೇ ಅಣ್ಣನನ್ನು ಕೊಂದನೇ, ಇಲ್ಲವೇ ಎಂಬುದು ಪ್ರಶ್ನೆ. ಅವರ ಅಕ್ಕನೊಬ್ಬಳೇ ಸಾಕ್ಷಿ. ನಾನು ಸೀಟಿನ ತುದಿಗೆ ಬಂದಿದ್ದೆ. ಆ ತಮ್ಮನ ಮುಖ ನೋಡಿದರೆ ಒಂದು ಕ್ಷಣ ಪಾಪ ಅನಿಸುತ್ತದೆ, ಇನ್ನೊಂದು ಕ್ಷಣ ಎರಡು ಬಿಡೋಣ ಅನಿಸುತ್ತದೆ. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡರು. ತೀರ್ಪಿನ ಹಾಳೆ ತಿರುಗಿಸಿದರು. ಬಾಯಿ ತೆರೆದರು.

"ಏಳಿ ಮಾರಾಯ್ರೆ," ಎಂದ ರುದ್ರೇಶ ಭಾವ.

"ಒಂದೇ ನಿಮಿಷ ಭಾವ, ತೀರ್ಪು ಓದ್ತಾ ಇದಾರೆ!"

"ಇನ್ನೇನ್ ಓದ್ತಾರೆ? ಒಂದೋ ಬಿಡ್ತಾರೆ, ಇಲ್ಲ ಒಳಗೆ ಹಾಕ್ತಾರೆ. ಆನೆ ಒಳಗೂ ಹಾಕಲ್ಲ, ಬಿಡೋದೂ ಇಲ್ಲ. ಏಳಿ."

ಗಿರಿಜ ಚೀಲ ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟಳು. ನಾನೂ ಎದ್ದೆ. ಹಿಂದಿನಿಂದ ಯಾರೋ, "ಕೂತ್ಕೊಳ್ರೀ, ಕಾಣ್ತಾ ಇಲ್ಲ!" ಎಂದು ಕಿರುಚಿದರು. ಕಾಣದೆ ಇರುವ ಸಂಕಟವನ್ನು ನನಗೆ ಹೇಳಿಕೊಡಲು ಬರುತ್ತಾರೆ!

ಕಾರಿನಲ್ಲಿ ನಾನು ರಸ್ತೆಯುದ್ದಕ್ಕೂ ಎರಡೂ ಕಡೆ ಕಣ್ಣು ಕೀಲಿಸಿಕೊಂಡು ಕೂತೆ. ಎಂದೂ ಇಲ್ಲದ ಆಸೆ, ಒಂದಾದರೂ ಆನೆ ಕಾಣಲಿ ಎಂದು. ಕಂಡಿದ್ದರೆ ಸಿಟ್ಟು ಇಳಿಯುತ್ತಿತ್ತು. ಮನೆ ಮುಟ್ಟುವವರೆಗೆ ಎದುರಾದದ್ದು ಒಂದು ಹೋರಿಗರು; ಅದೂ ನಮ್ಮನ್ನು ನೋಡಿ ತಾನೇ ಪಕ್ಕಕ್ಕೆ ಸರಿಯಿತು. ಅಂಗಳದಲ್ಲಿ ಕಾರು ನಿಂತದ್ದೇ ನಾನು ಸಿಡಿದೆ.

"ಎಲ್ಲಿ ಭಾವ ಆನೆ? ತೋರ್ಸಿ!"

"ಬಂದಿಲ್ಲ."

"ಅದನ್ನೇ ಕೇಳ್ತಿರೋದು. ಬಂದಿಲ್ವಲ್ಲ!"

"ಬಂದಿದ್ರೆ?"

ಈ ಪ್ರಶ್ನೆಗೆ ಜಗತ್ತಿನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಯಾಕೆಂದರೆ ದಿನವಿಡೀ ಅದೇ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಳ್ಳುತ್ತಿರುತ್ತೇನೆ. ಗ್ಯಾಸ್ ಆಫ್ ಮಾಡದೆ ಬಂದಿದ್ದರೆ? ಅಂಗಡಿ ಬೀಗ ಸರಿಯಾಗಿ ಕೂರದೆ ಇದ್ದರೆ? ನನ್ನ ಪಾಡಿಗೆ ನಾನು ಬೆವರುವುದು ಬೇರೆ, ಇನ್ನೊಬ್ಬರು ಬಂದು ಬೆವರಿಳಿಸುವುದು ಬೇರೆ. "ಇನ್ನು ಮೇಲೆ ನಿಮ್ಮ ಜೊತೆ ಸಿನಿಮಾಕ್ಕೆ ಬಂದರೆ ಕೇಳಿ!" ಎಂದು ಕೂಗಿದೆ. ಅಷ್ಟು ದೊಡ್ಡ ದನಿ ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ. ಭಾವ ಕಾಫಿಯನ್ನೂ ಕುಡಿಯದೆ, ನಮ್ಮಲ್ಲಿ ನಿಲ್ಲಿಸಿದ್ದ ತನ್ನ ಬೈಕು ಹತ್ತಿ ಹೊರಟುಹೋದ.

ಆಮೇಲೆ ಊಟ ರುಚಿಸಲಿಲ್ಲ. ಅಂಗಡಿಯಲ್ಲಿ ಮುಕ್ಕಾಲು ಇಂಚಿನ ಎಲ್ಬೋ ಕೇಳಿದವರಿಗೆ ಒಂದು ಇಂಚಿನದು ಕೊಟ್ಟೆ. ಕೊಂದನೋ, ಇಲ್ಲವೋ? ನಾನು ಅವನನ್ನು ಒಂದು ದಿನ ಬಿಡುಗಡೆ ಮಾಡಿದರೆ ಮರುದಿನ ಜೈಲಿಗೆ ಹಾಕುತ್ತಿದ್ದೆ. ಬುಧವಾರ ಸಂಜೆ ಗಿರಿಜ ಪೇಪರು ಮಡಚಿಟ್ಟು ಹೇಳಿದಳು: "ಶುಕ್ರವಾರ ಬೇರೆ ಸಿನಿಮಾ ಬರುತ್ತಂತೆ. ನಾಳೆನೇ ಕಡೆ. ನಾವಿಬ್ಬರೇ ಹೋಗಣ. ಏನೇ ಆಗಲಿ, ಕೊನೇ ತನಕ ಕೂತು ಬರಣ."

"ನಿನಗೂ ನೋಡಬೇಕಾ?"

"ಮತ್ತೆ? ಮದುವೆ ಆದಾಗಿಂದ ನಿಮ್ಮಿಬ್ಬರ ಹಿಂದೆ ಎದ್ದೆದ್ದು ಬರ್ತಿದೀನಲ್ಲ, ನನಗೇನು ಕಥೆ ಬೇಡ ಅಂತ ಮಾಡಿದ್ರಾ?"

ಇಷ್ಟು ವರ್ಷ ಅವಳನ್ನು ಭಾವನ ಪಕ್ಷದವಳೆಂದು ಲೆಕ್ಕ ಹಿಡಿದಿದ್ದೆ. ನಾಚಿಕೆಯಾಯಿತು. ಆ ನಾಚಿಕೆಯನ್ನೂ ಭಾವನ ಮೇಲಿನ ಸಿಟ್ಟಿಗೆ ಜಮಾ ಮಾಡಿದೆ.

ಗುರುವಾರ ಅಂಗಡಿ ಮುಚ್ಚಿ, ಮಧ್ಯಾಹ್ನದ ಆಟಕ್ಕೆ ಹೋದೆವು. ಬೇಕೆಂದೇ ಸಾಲಿನ ನಟ್ಟನಡುವಿನ ಸೀಟು ತೆಗೆದುಕೊಂಡೆ. ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ, ಭಾವನ ಮುಖಕ್ಕೆ ಹೊಡೆದಂತೆ. ಇಂಟರ್‌ವಲ್ಲಿನಲ್ಲಿ ಗಿರಿಜ ಪಾಪ್‌ಕಾರ್ನ್ ಕೊಡಿಸಿದಳು. ಎಲ್ಲ ಗೊತ್ತಿದ್ದ ಕಥೆಯಾದರೂ ಮತ್ತೆ ಸೀಟಿನ ತುದಿಗೆ ಬಂದೆ. ಅಕ್ಕ ಸಾಕ್ಷಿ ಹೇಳಿದಳು. ತಮ್ಮ ತಲೆ ತಗ್ಗಿಸಿದ. ನ್ಯಾಯಾಧೀಶರು ಕನ್ನಡಕಕ್ಕೆ ಕೈ ಹಾಕಿದರು. ನನ್ನ ಜೇಬಿನಲ್ಲಿ ಮೊಬೈಲು ನಡುಗಿತು.

ನೋಡಬಾರದಿತ್ತು. ನೋಡಿದೆ. ನಮ್ಮ ರಸ್ತೆಯ ಪಕ್ಕದ ತೋಟದಲ್ಲಿ ಗುಂಪು ನಿಂತಿದೆ, ಸಂಜೆ ದಾಟಬಹುದು, ಎಚ್ಚರ ಎಂದಿತ್ತು. ಗುಂಪು ಎಂದರೆ ಮರಿಯೂ ಇರುತ್ತದೆ. ಮರಿಯಿದ್ದರೆ ತಾಯಿಗೆ ಕೋಪ ಜಾಸ್ತಿ. ಕಾರು ಬೇರೆ ಗೋಡೆಗೆ ಮುಖ ಮಾಡಿದೆ. ಆಟ ಬಿಟ್ಟ ಮೇಲೆ ಎಲ್ಲರೂ ಒಟ್ಟಿಗೆ ನುಗ್ಗಿದರೆ ಹಿಂದೆ ತೆಗೆಯಲು ಎಷ್ಟು ಹೊತ್ತು ಬೇಕೋ? ತಿರುವಿನಲ್ಲಿ ಮಂಜು ಇಳಿದಿದ್ದರೆ?

"ಗಿರಿಜ, ಏಳು."

"ಏನ್ರೀ?"

"ಏಳು ಮಾರಾಯ್ತಿ, ಮರಿ ಇರಬಹುದು."

"ಯಾರ ಮರಿ? ಕೂತ್ಕೊಳಿ ಸುಮ್ನೆ!"

"ಹಾಗಾದರೆ ನೀನು ನೋಡ್ಕೊಂಡು ಬಾ. ನಾನು ಕಾರು ತಿರುಗಿಸಿ ಇಟ್ಟಿರ್ತೀನಿ."

ನಟ್ಟನಡುವಿನ ಸೀಟಿನಿಂದ ಹೊರಬರುವುದೆಂದರೆ ಅರ್ಧ ಸಾಲಿನವರ ಮಂಡಿ ದಾಟಬೇಕು. ಪ್ರತಿ ಮಂಡಿಗೂ ಒಂದೊಂದು 'ಸಾರಿ' ಹೇಳಿಕೊಂಡು ದಾಟಿದೆ. ಹೊರಬಾಗಿಲು ನನ್ನ ಬೆನ್ನ ಹಿಂದೆ ಮುಚ್ಚಿಕೊಂಡದ್ದೇ ಒಳಗೆ ಇಡೀ ಥಿಯೇಟರು ಒಮ್ಮೆ 'ಹಾ!' ಎಂದಿತು. ಯಾಕೆ ಎಂದಿತು? ಕಾರಿನ ಬಾಗಿಲು ಹಿಡಿದು ನಿಂತು ಬಹಳ ಹೊತ್ತು ಆಲೋಚಿಸಿದೆ. ಬಿಡುಗಡೆಗೂ ಜನ ಹಾಗೆ ಅನ್ನುತ್ತಾರೆ, ಶಿಕ್ಷೆಗೂ ಅನ್ನುತ್ತಾರೆ.

ಜನರೆಲ್ಲ ಹೋದ ಮೇಲೆ ಗಿರಿಜ ಬಂದಳು. ಕಣ್ಣು ಕೆಂಪಗಿತ್ತು. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು, ಆದರೆ ತುಟಿಯಲ್ಲಿ ನಗುವಿತ್ತು.

"ಏನಾಯ್ತು?"

"ಹೇಳಲ್ಲ."

"ತಮಾಷೆ ಮಾಡಬೇಡ. ಕೊಂದಿದ್ನಾ?"

"ನನ್ನನ್ನ ಒಬ್ಬಳನ್ನೇ ಅಲ್ಲಿ ಬಿಟ್ಟು ಎದ್ದು ಬಂದ್ರಲ್ಲ, ಪಕ್ಕದ ಅಜ್ಜಿ ಏನು ಕೇಳಿದ್ರು ಗೊತ್ತಾ? 'ಜಗಳ ಆಯ್ತಾ ಮಗಾ?' ಅಂತ. ಹೇಳಲ್ಲ ಅಂದ್ರೆ ಹೇಳಲ್ಲ. ಓಡ್ಸಿ."

ಬೇಡಿಕೊಂಡೆ. ರೇಗಿದೆ. ಮೂಡಿಗೆರೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಕಾರು ನಿಲ್ಲಿಸಿ ಬಿಸಿ ಬಜ್ಜಿ ಕೊಡಿಸಿದೆ. ಬಜ್ಜಿ ತಿಂದಳು, ಬಾಯಿ ಮಾತ್ರ ಬಿಡಲಿಲ್ಲ. ಅಷ್ಟರಲ್ಲಿ ಇನ್ನೊಂದು ಸಂದೇಶ ಬಂತು, ಆನೆಗಳ ಗುಂಪು ರಸ್ತೆ ದಾಟಲೇ ಇಲ್ಲವಂತೆ. ಬಂದ ದಾರಿಯಲ್ಲೇ ತಿರುಗಿಕೊಂಡವಂತೆ. ಮನೆಗೆ ಬಂದು ಬಟ್ಟೆ ಬದಲಾಯಿಸುತ್ತಿದ್ದೆ, ಅಡಿಗೆಮನೆಯಲ್ಲಿ ಗಿರಿಜಳ ಫೋನು ಸದ್ದಾಯಿತು. ಸ್ಪೀಕರಿನಲ್ಲಿ ಹಾಕಿದಳು. ರುದ್ರೇಶ ಭಾವನ ದನಿ.

"ಆನೆ ಏನೂ ಸಿಗ್ಲಿಲ್ವಲ್ಲ? ಹಾಂ, ಮತ್ತೆ... ಆ ಹುಡುಗಂಗೆ ಏನಾಯ್ತೇ? ಕೊಂದಿದ್ನೇನೆ? ನನಗೆ ಆವತ್ತಿಂದ ನಿದ್ದೆ ಇಲ್ಲ ಕಣೆ."

ಅಯ್ಯೋ ಪಾಪಿ! ನಾನು ಅಂಗಿಯ ಒಂದೇ ತೋಳು ಹಾಕಿಕೊಂಡು ಬಾಗಿಲ ಮರೆಗೆ ಬಂದು ನಿಂತೆ. "ಕೇಳು ಅಣ್ಣ," ಎಂದಳು ಗಿರಿಜ, "ಆ ಜಡ್ಜು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ರು. ಇಟ್ಟು..." ಅಷ್ಟರಲ್ಲಿ ನೆಲದ ಮೇಲೆ ನನ್ನ ನೆರಳು ಕಂಡಿತೇನೋ, ಫೋನನ್ನು ಕಿವಿಗೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಮಿಕ್ಸಿ ಹಾಕಿದಳು. ಚಟ್ನಿ ಅರೆಯುವ ಆರ್ಭಟದ ನಡುವೆ ಅವಳ ತುಟಿ ಅಲ್ಲಾಡುತ್ತಿತ್ತು, ಕೈ ಅಲ್ಲಾಡುತ್ತಿತ್ತು, ಕಣ್ಣು ಮತ್ತೆ ತುಂಬುತ್ತಿತ್ತು.

ಸಿಟ್ಟಿಗೆ ನನ್ನ ಕಿವಿ ಬಿಸಿಯಾಯಿತು. ಒಂದು ಹೆಜ್ಜೆ ಮುಂದಿಟ್ಟರೆ ಸ್ವಿಚ್ಚು. ಆರಿಸಿದರೆ ಮುಗಿಯಿತು, ಕೇಳಿಸಿಯೇ ಕೇಳಿಸುತ್ತದೆ. ಕೈ ಚಾಚಿದೆ ಕೂಡ. ಆಗ ಅನಿಸಿತು: ಕೊಂದಿದ್ದರೆ? ಹಿಂದಿನ ರಾತ್ರಿಯಷ್ಟೇ ಅವನನ್ನು ನಾನು ಬಿಡುಗಡೆ ಮಾಡಿ, ಅಕ್ಕನ ಮನೆಗೆ ಕಳಿಸಿ, ಊಟಕ್ಕೆ ಕೂರಿಸಿದ್ದೆ. ಮಿಕ್ಸಿ ನಿಲ್ಲುವ ಮುಂಚೆಯೇ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಬಂದುಬಿಟ್ಟೆ.