ಖಾಲಿ ಡಬ್ಬಿ ಕೊಡದವರ ನಡುವೆ ರೊಟ್ಟಿ ವ್ಯಾಪಾರ

ನಮ್ಮ ಮನೆಯಲ್ಲಿ ಗಂಭೀರವಾಗಿ ಶುರುವಾದ ಕೆಲಸ ಯಾವುದೂ ಗಂಭೀರವಾಗಿ ಮುಗಿದದ್ದು ನನಗೆ ನೆನಪಿಲ್ಲ. ನಾನು ಬಿ.ಎ. ಮಾಡಿದ್ದು ತತ್ತ್ವಶಾಸ್ತ್ರದಲ್ಲಿ, ನೌಕರಿ ಮಾಡಿದ್ದು ಎಸ್.ಟಿ. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ. ಅಂದರೆ ಕಿಟಕಿಯ ಹಿಂದೆ ಕೂತು, ಯಾವ ಗಾಡಿ ಯಾವಾಗ ಬಿಡುತ್ತದೆ ಅಂತ ಮೈಕಿನಲ್ಲಿ ಕೂಗುವ ಕೆಲಸ. ನಿವೃತ್ತನಾದ ಮೇಲೆ ಮೈಕು ಹೋಯಿತು, ಬಾಯಿ ಉಳಿಯಿತು.

ನಮ್ಮೂರು ಉಮದಿಯ ವಾರದ ಸಂತೆಯಲ್ಲಿ ನನ್ನ ಹೆಂಡತಿಯ ಕಡಕ್ ರೊಟ್ಟಿಗೆ ಹೆಸರಿದೆ. ಮನೆಯ ಹಿಂದಿನ ತಗಡಿನ ಪತ್ರಾ ಶೆಡ್ಡಿನಲ್ಲಿ ಓಣಿಯ ಇಬ್ಬರು ಹೆಣ್ಣುಮಕ್ಕಳು ಅವಳ ಜೊತೆ ದಿನಾ ರೊಟ್ಟಿ ಬಡಿಯುತ್ತಾರೆ. ಇಬ್ಬರ ಮನೆಯ ಒಲೆಯೂ ನಮ್ಮ ಒಲೆಯನ್ನೇ ನಂಬಿಕೊಂಡದ್ದು. ಕರೋನಾ ಬಂತು, ಲಾಕ್‌ಡೌನ್ ಆಯಿತು, ಸಂತೆ ಬಂದ್, ಬಸ್ಸೂ ಬಂದ್. ಬಡಿದಿಟ್ಟ ರೊಟ್ಟಿಯ ಥಪ್ಪಿ ನೋಡಿ ಹೆಂಡತಿ ಒಂದೇ ಮಾತು ಹೇಳಿದಳು: "ಏನರ ಆಗ್ಲಿ, ಇವರಿಬ್ಬರಿಗೆ ನಾಳಿಂದ ಬರಬ್ಯಾಡ್ರಿ ಅಂತ ನಾ ಹೇಳಾಕಿ ಅಲ್ಲ."

ಸೊಸೆ ಅವತ್ತೇ ವಾಟ್ಸ್ಯಾಪಿನಲ್ಲಿ ಒಂದು ಗುಂಪು ಮಾಡಿ ಪಕ್ಕದ ಹಳ್ಳಿ ಉಟಗಿ, ಬೆಳುಂಕಿಯ ಬೀಗರು, ಗಿರಾಕಿಗಳು ಎಲ್ಲರನ್ನೂ ಸೇರಿಸಿದಳು. ರೊಟ್ಟಿ ಮುಟ್ಟಿಸುವ ಕೆಲಸ ಹಾಲಿನವನಿಗೆ; ಓಡಾಡಲು ಪರವಾನಗಿ ಇದ್ದದ್ದು ಅವನೊಬ್ಬನಿಗೆ. ಜಾಹೀರಾತಿನ ಖಾತೆ ನನ್ನ ಪಾಲಿಗೆ ಬಂತು.

ಎಂಟರ ಗಾಡಿ

ಟೈಪು ಮಾಡುವುದು ನನ್ನ ಜಾತಕದಲ್ಲಿಲ್ಲ. ದನಿಯಲ್ಲೇ ಸಂದೇಶ ಕಳಿಸಬಹುದು ಅಂತ ಸೊಸೆ ತೋರಿಸಿಕೊಟ್ಟಳು. ಫೋನನ್ನು ಬಾಯಿಗೆ ಹಿಡಿದದ್ದೇ ತಡ, ಮೂವತ್ತು ವರ್ಷದ ರೂಢಿ ತಾನಾಗಿ ಹರಿದು ಬಂತು. "ಎಲ್ಲಾರೂ ಲಕ್ಷ್ಯ ಕೊಡಬೇಕು. ಉಟಗಿ, ಬೆಳುಂಕಿಗೆ ಹೋಗೂದು ಮುಂಜಾನಿ ಎಂಟಕ್ಕ ಬಿಡತೈತಿ. ಬೇಕಾದವರು ಮೊದಲ ತಿಳಿಸಬೇಕು." ರೊಟ್ಟಿ ಅನ್ನುವ ಶಬ್ದ ಒಂದನ್ನು ಬಿಟ್ಟು ಎಲ್ಲಾ ಹೇಳಿದ್ದೆ.

ಮರುದಿನ ಏಳೂವರೆಗೆ ಹಿಂದಿನ ಓಣಿಯ ಮುತ್ಯಾ ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ಮೂಗಿಗೆ ಟವೆಲ್, ಕೈಯಲ್ಲಿ ಕೊಡೆ, ಬಗಲಲ್ಲಿ ಬಟ್ಟೆ ತುಂಬಿದ ಚೀಲ. ಯಾರದೋ ಫೋನಿನಲ್ಲಿ ನನ್ನ ದನಿ ಕೇಳಿ ಉಟಗಿಯ ಮಗಳ ಮನೆಗೆ ಹೊರಟಿದ್ದರಂತೆ. ಗಾಡಿ ಇಲ್ಲ, ಅದು ರೊಟ್ಟಿಯ ಸುದ್ದಿ ಅಂತ ನಾನು ಎಷ್ಟು ಬಿಡಿಸಿ ಹೇಳಿದರೂ ಅವರಿಗೆ ಸಮಾಧಾನವಿಲ್ಲ.

"ದನಿ ನಿಮ್ದ ಐತೆಲ್ಲ ಸಾಹೇಬ್ರ. ಅಂದ ಮ್ಯಾಲ ಗಾಡಿ ಇಲ್ಲಂದ್ರ ಹೆಂಗ?" ಅಂದರು.

ಸರ್ವಿಸಿನುದ್ದಕ್ಕೂ ನಾನು ಹೇಳಿದ ಹೊತ್ತಿಗೆ ಗಾಡಿ ಬಿಡುತ್ತದೆ ಅಂತ ನಂಬಿದ ಒಬ್ಬ ಮನುಷ್ಯನೂ ಸಿಕ್ಕಿರಲಿಲ್ಲ. ಗಾಡಿಯೇ ಇಲ್ಲದ ಕಾಲಕ್ಕೆ ಒಬ್ಬರು ಸಿಕ್ಕರು.

ಅಣ್ಣ ಒಳಗೆ ಬಂದ

ಆಮೇಲೆ ಸೊಸೆ ಫೇಸ್‌ಬುಕ್ ಲೈವ್ ಅಂದಳು. ಅತ್ತೆ ರೊಟ್ಟಿ ಬಡಿಯುವುದನ್ನು ಜನ ಕಣ್ಣಾರೆ ನೋಡಿದರೆ ಆರ್ಡರ್ ತಾನೇ ಬರುತ್ತದೆ ಅನ್ನುವುದು ಅವಳ ಲೆಕ್ಕ. ಹೆಂಡತಿ ಮೊದಲು ನಾಚಿದಳು. ಎರಡು ರೊಟ್ಟಿ ಆಗುವಷ್ಟರಲ್ಲಿ ಫೋನಿನ ಜೊತೆ ನೆರೆಮನೆಯವಳ ಹತ್ತಿರ ಮಾತಾಡಿದಂತೆ ಮಾತಾಡತೊಡಗಿದಳು. ಹಿಟ್ಟು ಹೀಗೆ ನಾದಬೇಕು, ಹೀಗೆ ತಟ್ಟಬೇಕು, ಭಾಳ ಚಲೋ ನಡೆದಿತ್ತು.

ಅಷ್ಟರಲ್ಲಿ ಸೊಸೆ ತಗ್ಗಿದ ದನಿಯಲ್ಲಿ, "ಅತ್ತಿ, ದೊಡ್ಡ ಮಾವಾರು ಬಂದ್ರು" ಅಂದಳು.

ದೊಡ್ಡ ಮಾವ ಅಂದರೆ ನನ್ನ ಅಣ್ಣ. ನಮ್ಮಲ್ಲಿ ಗಂಡನ ಅಣ್ಣನ ಎದುರು ಹೆಂಗಸರು ಕೂರುವುದಿಲ್ಲ. ಅಣ್ಣ ಬಂದದ್ದು ಫೋನಿನ ಒಳಗೆ, ಲೈವ್ ನೋಡುವವರ ಪಟ್ಟಿಯಲ್ಲಿ. ಆದರೂ ಭಾವ ಭಾವನೇ. ಇವಳು ದಡಕ್ಕನೆ ಎದ್ದು, ಸೆರಗು ಹೊದ್ದು, ಗೋಡೆಗೆ ಮುಖ ಮಾಡಿ ನಿಂತಳು. ಇವಳು ಎದ್ದಳಲ್ಲ ಅಂತ ಜೊತೆಗೆ ಬಡಿಯುತ್ತಿದ್ದ ಆ ಇಬ್ಬರೂ ಎದ್ದು ಗೋಡೆ ನೋಡಿದರು. ಜನರಿಗೆ ಕಂಡದ್ದು ಮೂರು ಬೆನ್ನು, ಒಂದು ಹೊಗೆಯಾಡುವ ಹಂಚು.

ಅಣ್ಣ ನನಗೆ ಫೋನ್ ಹಚ್ಚಿದ. "ಆಕೀಗೆ ಕುಂದ್ರಾಕ ಹೇಳೋ, ನಾ ಇಲ್ಲಿ ಬೆಳುಂಕಿ ಹೊಲದಾಗ ಅದೀನಿ." ನಾನು ಹೇಳಿದೆ. ಅವಳು ಗೋಡೆಗೇ ಉತ್ತರ ಕೊಟ್ಟಳು: "ಮದಲ ಅವರು ಹೊರಗ ಹೋಗ್ಲಿ."

ಅಣ್ಣ ಮರ್ಯಾದಸ್ಥ. ಮನೆಗೆ ಬರುವಾಗ ಬಾಗಿಲಲ್ಲಿ ಕೆಮ್ಮಿ ಬರುವವನು. ಮರುದಿನದಿಂದ ಲೈವ್ ನೋಡುವ ಮುಂಚೆ ನನಗೆ ಫೋನ್ ಮಾಡಿ ಕೆಮ್ಮತೊಡಗಿದ. ಕರೋನಾ ಕಾಲ, ಫೋನಿನಲ್ಲಿ ಬಂದ ಕೆಮ್ಮಿಗೂ ನಾನು ಮಾಸ್ಕ್ ಏರಿಸುತ್ತಿದ್ದೆ.

ಎಮ್ಮೆಯ ತಾರೀಖು

ಮೂರು ಬೆನ್ನುಗಳ ಪುಣ್ಯದಿಂದ ಆರ್ಡರ್ ಬಂದವು. ಆದರೆ ಪೇಪರಿನಲ್ಲಿ ಕಟ್ಟಿ ಕೊಟ್ಟರೆ ಜನ ಮುಟ್ಟಲು ಹೆದರುತ್ತಿದ್ದರು. ಹೆಂಡತಿ ಅಟ್ಟದಿಂದ ಅಗಲವಾದ ಸ್ಟೀಲ್ ಡಬ್ಬಿಗಳನ್ನು ಇಳಿಸಿದಳು. ಮಕ್ಕಳ ಮದುವೆಯಲ್ಲಿ ಆಯಾರ ಅಂತ ಉಡುಗೊರೆ ಬಂದವು, ಒಟ್ಟು ಇಪ್ಪತ್ತು. ತುಂಬಿಕೊಂಡು ಹೋದವು. ತಿರುಗಿ ಬರಲಿಲ್ಲ.

ಯಾರೂ ಕದ್ದಿರಲಿಲ್ಲ. ನಮ್ಮ ಕಡೆ ಡಬ್ಬಿ ಖಾಲಿ ತಿರುಗಿಸುವುದು ಅಂದರೆ ಮನೆತನಕ್ಕೇ ಕಡಿಮೆ. ಏನಾದರೂ ಹಾಕಿಯೇ ಕೊಡಬೇಕು. ಅಂಗಡಿ ಬಂದಾದ ಕಾಲದಲ್ಲಿ ಮನೆಯಲ್ಲಿ ಹಾಕುವಂಥದ್ದು ಏನೂ ಇಲ್ಲ. ಹೀಗಾಗಿ ಡಬ್ಬಿಗಳೆಲ್ಲ ತೊಳೆದು ಬೋರಲು ಹಾಕಿಸಿಕೊಂಡು ಮನೆಮನೆಯಲ್ಲಿ ಕೂತಿದ್ದವು.

ನಾನು ಬುದ್ಧಿವಂತಿಕೆ ಮಾಡಿ ಗುಂಪಿನಲ್ಲಿ ಹೇಳಿದೆ, ಖಾಲಿ ಇದ್ದರೂ ನಡೆಯುತ್ತದೆ, ಕಳಿಸಿರಿ ಅಂತ. ಒಬ್ಬರು ಗುಂಪು ಬಿಟ್ಟು ಹೋದರು. ಬೆಳುಂಕಿಯ ಬೀಗರು, ಬಿ.ಎ.ದಲ್ಲಿ ಇದನ್ನೇ ಕಲಿಸಿದರೇನು ಅಂತ ಕೇಳಿದರು. ಒಬ್ಬಾಕೆ ಬದನೆಕಾಯಿ ಇನ್ನೂ ಹೀಚು ಇವೆ, ಎಂಟು ದಿನ ತಡೆಯಿರಿ ಅಂದಳು. ಇನ್ನೊಬ್ಬಾಕೆ ಭಾಳ ಪ್ರೀತಿಯಿಂದ, "ನಮ್ಮ ಎಮ್ಮಿ ಈಯೂದೈತ್ರಿ. ಈದ ಕೂಡ್ಲೇ ಗಿಣ್ಣ ಹಾಕಿ ಕಳಸ್ತೀನಿ" ಅಂದಳು.

ಎಮ್ಮೆಗೆ ಎಷ್ಟು ತಿಂಗಳು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಪರೀಕ್ಷೆ

ಒಂದು ಮುಂಜಾನೆ ಮನೆಯಲ್ಲಿ ಎರಡೇ ಡಬ್ಬಿ ಉಳಿದವು. ಆ ಇಬ್ಬರು ಹೆಣ್ಣುಮಕ್ಕಳು ಶೆಡ್ಡಿನಲ್ಲಿ ಹಿಟ್ಟು ನಾದದೆ ಸುಮ್ಮನೆ ಕೂತಿದ್ದರು. ನಾಳೆ ಬರಬೇಕೋ ಬೇಡವೋ ಅಂತ ಕೇಳಲು ಬಾಯಿಲ್ಲ, ಏಳಲು ಮನಸ್ಸಿಲ್ಲ. ಹೆಂಡತಿ ಅವರನ್ನು ನೋಡಿದಳು, ನನ್ನ ಕೈಯಿಂದ ಫೋನ್ ಕಸಿದುಕೊಂಡಳು.

"ಅಕ್ಕ ತಂಗೇರ, ಡಬ್ಬಿ ಇಲ್ಲಂದ್ರ ನಾಳಿ ನಮ್ಮ ಒಲಿ ಹೊತ್ತೂದಿಲ್ಲ. ಮನ್ಯಾಗ ಏನ ಇರ್ಲಿ, ಒಂದು ಚೂರು ಹಾಕಿ ಕಳಸ್ರಿ."

ಮರುದಿನ ಹಾಲಿನವನ ಗಾಡಿಯ ಸಪ್ಪಳ ಓಣಿಯ ತಿರುವಿನಿಂದಲೇ ಕೇಳಿಸಿತು. ಎರಡೂ ಬದಿಗೆ ಡಬ್ಬಿ ಕಟ್ಟಿಕೊಂಡು ಭಜನೆಯ ದಿಂಡಿಯ ಹಾಗೆ ತಾಳ ಹಾಕುತ್ತಾ ಬಂದ. ಹದಿನೆಂಟಕ್ಕೆ ಹದಿನೆಂಟು. ಒಂದರಲ್ಲಿ ಬೆಲ್ಲದ ಚೂರು, ಒಂದರಲ್ಲಿ ಹಿಡಿ ತೊಗರಿಬೇಳೆ, ಒಂದರಲ್ಲಿ ಎರಡೇ ಎರಡು ಹಸಿಮೆಣಸಿನಕಾಯಿ. ಉಟಗಿಯಲ್ಲಿ ಕುರಿ ಸಾಕುವ ಮನೆಯ ಸೊಸೆಯೊಬ್ಬಳು ಅರಿವೆಯಲ್ಲಿ ಸುತ್ತಿ ಎರಡು ಕಡಕ್ ರೊಟ್ಟಿ ಇಟ್ಟಿದ್ದಳು.

ಹೆಂಡತಿ ಒಂದು ಮುರಿದು ಬಾಯಿಗೆ ಹಾಕಿಕೊಂಡಳು. ಸಾಲಿ ಮಾಸ್ತರು ಪೇಪರ್ ತಿದ್ದುವಾಗಿನ ಮುಖ ಅವಳಿಗೆ ಬಂತು. ಹೊಸ ಹುಡುಗಿ, ಕಲಿಯಲಿ ಪಾಪ ಅಂತ ಗುಂಪಿನಲ್ಲೇ, ಎಲ್ಲರಿಗೂ ಕೇಳುವ ಹಾಗೆ, ದನಿ ಕಳಿಸಿದಳು.

"ತಂಗಿ, ಪ್ರೀತಿಲೆ ಕಳಿಸೀದಿ, ಚಲೋ ಆತು. ಆದ್ರ ರೊಟ್ಟಿ ಸುತ್ತ ದಂಡಿ ದಪ್ಪ ಆಗೇತಿ. ಹಿಟ್ಟಿಗೆ ನೀರು ಇನ್ನಷ್ಟು ಕುದಿಸಿ ಹಾಕಬೇಕಿತ್ತು. ಎಲ್ಲಾ ತೆರೀಲಿ, ನಮ್ಮನೀಗೆ ಬಾ, ನಾ ಕಲಸ್ತೀನಿ."

ಆಮೇಲೆ ಆ ಹುಡುಗಿಯ ಸಣ್ಣ ದನಿ ಬಂತು.

"ಅಕ್ಕಾರ, ಅವು ನೀವ ಕಳಿಸಿದ್ದ ರೊಟ್ಟಿ. ಡಬ್ಬಿ ಖಾಲಿ ಹೆಂಗ ಕೊಡೂದು ಅಂತ ಎರಡು ಉಳಿಸಿದ್ದೆ."

ನಾನು ನಗು ತಡೆಯಲಾರದೆ ಕೊಟ್ಟಿಗೆಯ ಕಡೆ ಹೊರಳಿದೆ. ಹೆಂಡತಿ ಫೋನನ್ನು ಬೋರಲು ಇಟ್ಟು, ಉಳಿದ ತುಣುಕನ್ನು ನಿಧಾನವಾಗಿ ಅಗಿದು ನುಂಗಿದಳು. ಸೆರಗು ಸಿಕ್ಕಿಸಿಕೊಂಡು ಶೆಡ್ಡಿಗೆ ಹೋಗಿ, ಒಲೆ ಹೊತ್ತಿಸುತ್ತಿದ್ದ ಆ ಇಬ್ಬರ ಮುಂದೆ ನಿಂತಳು.

"ನೀರು ನೆಟ್ಟಗ ಕುದಿಸ್ರಿ ಅಂತ ನಿಮಗ ಎಷ್ಟ ಸಲ ಹೇಳೂದು?"