ಬೇರಿನ ಪಾಠದಲ್ಲಿ ಎಲ್ಲಿ ನಗಬೇಕು

ಮೇಷ್ಟ್ರು: ನಗು ಅಂದ್ನಲ್ಲ, ನಗು!

ಹೆಂಡತಿ: ಬರ್ತಿಲ್ಲ ಕಣ್ರೀ. ಬೇರು ನೀರು ಹೀರುತ್ತೆ ಅನ್ನೋದರಲ್ಲಿ ನಗೋಕೇನಿದೆ?

ಮೇಷ್ಟ್ರು: ಏನೂ ಇರಬೇಕಾಗಿಲ್ಲ. ಇಲ್ಲಿ ನೋಡು, ಕಂಸದೊಳಗೆ ‘ನಗು’ ಅಂತಿದೆ. ಈ ಜಾಗಕ್ಕೆ ಬಂದಾಗ ದೊಡ್ಡ ಪ್ರೊಫೆಸರೇ ನಕ್ಕಿದ್ದಾರೆ. ಕಾರಣ ಇಲ್ಲದೆ ನಗ್ತಾರಾ?

ಹೆಂಡತಿ: ಪ್ಯಾಂಟ್ ಜಾರಿರಬೇಕು.

ಮೇಷ್ಟ್ರು ಕುರ್ಚಿಯ ಹಿಂದೆ ನಿಂತು, ಅದರ ಬೆನ್ನನ್ನೇ ವೇದಿಕೆ ಮಾಡಿಕೊಂಡಿದ್ದರು. ಹೊಲಿಗೆ ಮೆಷಿನ್ ಮುಂದೆ ಟೈಲರಿಂಗ್ ಮಾಡುವ ಹೆಂಡತಿ, ಕಿಟಕಿಯ ಬಳಿ ಬಟ್ಟೆ ಮಡಿಸುತ್ತ ಮೇಷ್ಟ್ರ ಅಮ್ಮ. ಸಭಿಕರು ಇವರಿಬ್ಬರೇ. ನಾಳೆ ಬೆಳಿಗ್ಗೆ ಕಾಲೇಜಿನ ಸಮಿತಿಯ ಮುಂದೆ ಮೇಷ್ಟ್ರು ಇಂಗ್ಲಿಷಿನಲ್ಲಿ ಪಾಠ ಮಾಡಿ ತೋರಿಸಬೇಕು. ಆಗದಿದ್ದರೆ ಸಸ್ಯಶಾಸ್ತ್ರ ಬಿಟ್ಟು ಹಳೆಯ ಉತ್ತರಪತ್ರಿಕೆಗಳ ಗೋದಾಮು ಕಾಯಬೇಕು. ಇಷ್ಟು ವರ್ಷ ಮಕ್ಕಳಿಗೆ ಅರ್ಥವಾಗುವ ಹಾಗೆ ಪಾಠ ಹೇಳಿದ್ದೇ ಅವರ ಮೇಲಿನ ಆರೋಪ.

ಹಾಗಾಗಿ ಅವರು ಇಂಟರ್ನೆಟ್ಟಿನ ಒಂದು ಮಾತಿನ ಕಣಜಕ್ಕೆ ಶರಣು ಹೋಗಿದ್ದರು. ವಿದ್ವಾಂಸರು ತರಗತಿಗಳಲ್ಲಿ ನಿಜವಾಗಿ ಆಡಿದ ಇಂಗ್ಲಿಷನ್ನು ರೆಕಾರ್ಡ್ ಮಾಡಿ, ನಗು ಕೆಮ್ಮು ಸಮೇತ ಬರೆದಿಟ್ಟ ಕಣಜ. ಯಾವುದಾದರೂ ಪದ ಒತ್ತಿದರೆ ಅದಿರುವ ಸಾಲುಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ನಡುವೆ ಪದ, ಅಕ್ಕಪಕ್ಕ ಒಂದಿಷ್ಟು ಮಾತು.

ಮೇಷ್ಟ್ರು: (ಗಂಟಲು ಸರಿಮಾಡಿಕೊಂಡು) “...ಟು ದ ರೂಟ್, ಅಮ್, ಯು ನೋ, ದ ವಾಟರ್ ಕೈಂಡ್ ಆಫ್ ಗೋಸ್ ಅಪ್, ಬಿಕಾಸ್ ದ...”

ಹೆಂಡತಿ: ಬಿಕಾಸ್? ಮುಂದೆ?

ಮೇಷ್ಟ್ರು: ಮುಂದೆ ಇಲ್ಲ. ಸಾಲು ಅಲ್ಲಿಗೆ ಮುಗೀತು.

ಹೆಂಡತಿ: ಒಂದು ತೋಳು ಹೊಲಿದು ಇನ್ನೊಂದು ಮರೆತ ಹಾಗಿದೆಯಲ್ರೀ! ಸ್ಕ್ರೀನಲ್ಲಿ ಜಾಗ ಸಾಲದೆ ಕತ್ತರಿಸಿರ್ತಾರೆ.

ಮೇಷ್ಟ್ರು: ಒಂದು ಸಾಲಾಗಿದ್ರೆ ನಾನೂ ಒಪ್ತಿದ್ದೆ. ಎಲ್ಲ ಸಾಲೂ ಹೀಗೇ! ಅರ್ಧದಲ್ಲಿ ಶುರು, ಅರ್ಧದಲ್ಲಿ ಮುಕ್ತಾಯ. ಇಷ್ಟು ಜನ ವಿದ್ವಾಂಸರು ಒಟ್ಟಿಗೇ ಮಾತು ಮರೆತ್ರಾ? ಇದು ಪಾಂಡಿತ್ಯ ಕಣೇ. ವಾಕ್ಯ ಪೂರ್ತಿ ಮಾಡೋ ಕರ್ಮ ನಮ್ಮಂಥೋರಿಗೆ.

ಅಮ್ಮ: ನಿಮ್ಮಪ್ಪನೂ ಮಾತು ಅರ್ಧಕ್ಕೇ ನಿಲ್ಲಿಸ್ತಿದ್ರು. ನಾನು ಒಳಗೆ ಬಂದಾಗ.

ಹೆಂಡತಿ: ಆ ‘ಅಮ್’ ಯಾಕ್ರೀ, ಹಸಿದ ಮಗು ಹಾಗೆ?

ಮೇಷ್ಟ್ರು: ಹುಡುಕಿ ನೋಡಿದೀನಿ. ಕಣಜದಲ್ಲಿ ‘ಬೇರು’ ಒಂದೇ ಪುಟ. ‘ಅಮ್’ ಒತ್ತಿದರೆ, ಉರುಳಿಸಿ ಉರುಳಿಸಿ ಬೆರಳು ನೋವು ಬಂತು. ಪಾಠಕ್ಕೆ ಯಾವುದು ಮುಖ್ಯ, ನೀನೇ ಹೇಳು!

ಇಷ್ಟು ಹೇಳಿ ಮೇಷ್ಟ್ರು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಏನೋ ಗುಳುಗುಳು ಎಂದರು.

ಅಮ್ಮ: ಅಯ್ಯೋ, ಹಲ್ಲುನೋವೇನೋ?

ಮೇಷ್ಟ್ರು: ಅಲ್ಲಮ್ಮ, ಇಲ್ಲಿ ‘ಅಸ್ಪಷ್ಟ’ ಅಂತ ಬರೆದಿದೆ. ಹಾಗೇ ಹೇಳ್ಬೇಕು.

ಹೆಂಡತಿ: ಬರ್ಕೊಂಡವರಿಗೆ ಕೇಳಿಸಿರಲ್ಲ!

ಮೇಷ್ಟ್ರು: ಕೇಳಿಸದ ಹಾಗೆ ಹೇಳೋದು ಸುಲಭ ಅಂದ್ಕೊಂಡ್ಯಾ? ಬೆಳಿಗ್ಗೆಯಿಂದ ಒದ್ದಾಡ್ತಿದೀನಿ, ಹಾಳಾದ್ದು ಅರ್ಥ ಆಗಿಬಿಡುತ್ತೆ.

ಹೆಂಡತಿ ಕತ್ತರಿ ಕೆಳಗಿಟ್ಟಳು.

ಹೆಂಡತಿ: ರೀ, ಮೇಲೆ ಎಲೆ ಬೆವರುತ್ತೆ, ಬೆವರಿದಷ್ಟೂ ಕೆಳಗಿನ ನೀರನ್ನ ದಾರ ಎಳೆದ ಹಾಗೆ ಎಳ್ಕೊಳ್ಳುತ್ತೆ ಅಂತ ಮಗಳಿಗೆ ಹೇಳಿಕೊಟ್ರಲ್ಲ. ಸೂಜಿಗೆ ದಾರ ಪೋಣಿಸುವಾಗೆಲ್ಲ ನನಗೆ ಮರ ನೆನಪಾಗುತ್ತೆ. ಅದನ್ನೇ ನಿಮಗೆ ಬಂದ ಇಂಗ್ಲಿಷಲ್ಲಿ ಹೇಳ್ಬಾರ್ದಾ?

ಮೇಷ್ಟ್ರು: ಹೇಳಿದ್ರೆ ಅವರಿಗೆ ಅರ್ಥ ಆಗುತ್ತೆ.

ಹೆಂಡತಿ: ಆಗಲಿ!

ಮೇಷ್ಟ್ರು: ಅರ್ಥ ಆದ್ರೆ ಪ್ರಶ್ನೆ ಕೇಳ್ತಾರೆ. ಇಂಗ್ಲಿಷಲ್ಲಿ. ಆಗ ನಾನೇನು ಮಾಡ್ಲಿ?

ಈ ಮಾತಿಗೆ ಯಾರೂ ನಗಲಿಲ್ಲ. ಕಂಸವೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಮೇಷ್ಟ್ರು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದರು.

ಮೇಷ್ಟ್ರು: ಪಾಸು! ‘ಬಿಕಾಸ್ ದ’ ಅಂತ ನಿಲ್ಲಿಸಿದೆ ನೋಡು, ಮುಂದಿನದು ತಮಗೆ ಗೊತ್ತು ಅಂತ ತೋರಿಸೋಕೆ ಸಮಿತಿಯವರು ಒಬ್ಬರಿಗಿಂತ ಒಬ್ಬರು ಜೋರಾಗಿ ತಲೆದೂಗಿದ್ರು.

ಹೆಂಡತಿ: ನಗು?

ಮೇಷ್ಟ್ರು: ನಾನು ನಕ್ಕೆ. ಅಧ್ಯಕ್ಷರು ನಕ್ರು. ಅಧ್ಯಕ್ಷರು ನಕ್ಕ ಮೇಲೆ ಉಳಿದವರು ಸುಮ್ನಿರೋಕಾಗುತ್ತಾ?

ಹೆಂಡತಿ: ಆ ಗುಳುಗುಳು?

ಮೇಷ್ಟ್ರು: ಅದೇ ಪಾಠದ ಜೀವಾಳವಂತೆ. ಒಬ್ಬರು ಬರ್ಕೊಂಡ್ರು ಕೂಡ.

ಹೆಂಡತಿ: ಪ್ರಶ್ನೆ ಕೇಳಲಿಲ್ವಾ?

ಮೇಷ್ಟ್ರು: ಕೇಳಿದ್ರು. ‘ಸೋ, ಅಮ್, ಯು ನೋ’ ಅಂತ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ್ರು. ಅವರೂ ಅದೇ ಕಣಜದ ಗಿರಾಕಿಗಳು ಅಂತ ಕಾಣುತ್ತೆ. ನಾನು ಅಸ್ಪಷ್ಟವಾಗಿ ಉತ್ತರ ಕೊಟ್ಟೆ. ಬಹಳ ಖುಷಿಪಟ್ರು.

ಹೆಂಡತಿ: ಸದ್ಯ, ಗಂಡಾಂತರ ಕಳೀತು. ನಾಳೆಯಿಂದ ಮಕ್ಕಳಿಗೆ ಮೊದಲಿನ ಹಾಗೆ ಪಾಠ ಮಾಡಿ.

ಮೇಷ್ಟ್ರ ಮುಖದ ಬೆಳಕು ಒಮ್ಮೆಲೇ ಇಳಿಯಿತು.

ಮೇಷ್ಟ್ರು: ಆಗಲ್ಲ ಕಣೇ. ಇವತ್ತು ಮಾಡಿದ್ದೇ ಮಾದರಿ ಪಾಠವಂತೆ. ಇನ್ಮೇಲೆ ಎಲ್ಲ ತರಗತಿಗೂ ಇದೇ. ಉಳಿದ ಮೇಷ್ಟ್ರುಗಳಿಗೂ ನಾನೇ ಕಲಿಸ್ಬೇಕಂತೆ.

ಹೆಂಡತಿ: ನೀರು ಮರದ ಮೇಲಕ್ಕೆ ಹೇಗೆ ಹತ್ತುತ್ತೆ ಅಂತ ಆ ಮಕ್ಕಳಿಗೆ ಯಾರು ಹೇಳೋರು?

ಮೇಷ್ಟ್ರು: ಅಮ್...

ಹೆಂಡತಿ: ಬಾಯಿಬಿಟ್ಟು ಹೇಳ್ರೀ!

ಮೇಷ್ಟ್ರು ಬಾಯಿ ತೆರೆದರು. ಅಭ್ಯಾಸಬಲದಿಂದ ಅಂಗೈ ತಾನೇ ಹೋಗಿ ಬಾಯಿಗೆ ಅಡ್ಡ ಕೂತಿತು.

ಅಮ್ಮ: ನೀರು ಹತ್ತಿತೋ ಬಿಟ್ಟಿತೋ, ನೀನಂತೂ ಮರ ಹತ್ತಿ ಕೂತೆ ಮಗನೇ. ಇಳಿಯೋದು ಹೇಗೆ ಅಂತ ಆ ಕಣಜದಲ್ಲಿ ಹುಡುಕಿ ನೋಡು. ಅದೊಂದು ಸಾಲಾದರೂ ಪೂರ್ತಿ ಇರುತ್ತೇನೋ!